ಗೌಡರ ಆಮೇನ್

“ಯಾವಳೇ ಅವಳು ಸೊಂಟ ಎತ್ತಿದ್ದು? ಗುಡ್ಡೀ, ನೀನೇನೇ? ನಿಮ್ಮಪ್ಪನ ಗದ್ದೆ ಅಂದ್ಕಂಡ್ಯಾ, ನಿಂತ್ಕಂಡು ಗಾಳಿ ತಗಳಾಕೆ? ಬಗ್ಗೇ ಬೋಸುಡಿ!”

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಮೇಸ್ತ್ರಿ ಲೋಕಪ್ಪ ಹೀಗೆ ಕೂಗಿದಾಗ ಸೊಂಟ ಎತ್ತಿದ್ದವಳು ಗುಡ್ಡಮ್ಮ ಅಲ್ಲ, ನಾನು. ಬೆಳಗ್ಗೆಯಿಂದ ಬಗ್ಗಿ ಸಸಿ ನೆಟ್ಟು ನೆಟ್ಟು ಬೆನ್ನುಮೂಳೆ ಕಳಚಿ ಕೆಸರಿಗೆ ಬೀಳುತ್ತದೇನೋ ಅನಿಸಿತ್ತು. ಆದರೆ ಯಾರು ಏನು ಮಾಡಿದರೂ ಬೈಗುಳ ಮಾತ್ರ ಅವಳ ಪಾಲಿಗೇ. ಅವಳು ಬಗ್ಗಿದ್ದ ಕಡೆಯಿಂದಲೇ, “ನಾನಲ್ಲ ಲೋಕಪ್ಪಣ್ಣ. ಆದ್ರೂ ಇರ್ಲಿ, ನಿಂಗೆ ದೇವ್ರು ಒಳ್ಳೇದು ಮಾಡ್ಲಿ” ಅಂದಳು. ಇದೇ ಅವಳ ಚಾಳಿ, ಬೈದವರಿಗೆಲ್ಲ ಒಳ್ಳೇದಾಗಲಿ ಅನ್ನುವುದು. ನನಗೆ ಮೈಯೆಲ್ಲ ಉರಿಯಿತು.

“ಅಕ್ಕಾ, ಆ ಮುಂಡೇದಕ್ಕೆ ಒಳ್ಳೇದು ಮಾಡಿದ್ರೆ ನಿನ್ ದೇವ್ರಿಗೂ ನಂಗೂ ಇವತ್ತಿಂದ ಮಾತಿಲ್ಲ” ಅಂದೆ.

“ಮುಂಚೆ ಏನು ಬಾಳ ಮಾತಿತ್ತಾ?” ಅಂದಳು ಅವಳು, ಸಸಿ ನೆಡುತ್ತಲೇ.

ನಾನು ವರದಮ್ಮ, ಅವಳ ವಾರಗಿತ್ತಿ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಕೇರಿಗೆ ಬಂದು ಒಂದೇ ಅತ್ತೆಯ ಬಾಯಿಗೆ ಬಿದ್ದವರು ನಾವು. ನಮ್ಮೂರು ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿದೆ. ಶಿಕಾರಿಪುರದ ಕಚೇರಿಗೆ ಹೋದರೆ ನೀವು ಸೊರಬದವರು ಅಂತಾರೆ, ಸೊರಬಕ್ಕೆ ಹೋದರೆ ಶಿಕಾರಿಪುರದವರು ಅಂತಾರೆ. ಒಟ್ಟಿನಲ್ಲಿ ನಾವು ಯಾರಿಗೂ ಬೇಡದವರು, ಚಂದ್ರಶೇಖರಪ್ಪ ಗೌಡರೊಬ್ಬರನ್ನು ಬಿಟ್ಟು. ಅವರಿಗೆ ನಮ್ಮ ಸೊಂಟ ಬೇಕು. ಉಳುವವನಿಗೇ ಭೂಮಿ ಅಂತ ಸರ್ಕಾರ ಸಾರಿದ ಕೂಡಲೇ ಗೌಡರು ಕೆರೆ ಕೆಳಗಿನ ಗದ್ದೆಯನ್ನೆಲ್ಲ ಹೆಂಡತಿ, ಅಳಿಯ, ಬೀಗರು, ಬೀಗರ ಬೀಗರು ಎಲ್ಲರ ಹೆಸರಿಗೂ ಹಂಚಿಟ್ಟಿದ್ದರು. ಅವರ ಮನೆ ನಾಯಿಯ ಹೆಸರಲ್ಲೂ ಹತ್ತು ಗುಂಟೆ ಇದೆ ಅಂತ ಕೇರಿಯಲ್ಲಿ ಮಾತು. ಇದ್ದರೂ ಇರಬಹುದು, ಆ ನಾಯಿಗೆ ನಮಗಿಂತ ಗತ್ತು ಜಾಸ್ತಿ.

ಗುಡ್ಡಮ್ಮ ಅನ್ನುವುದು ಅವಳ ತಾಯಿ ಚಂದ್ರಗುತ್ತಿ ಗುಡ್ಡದ ಅಮ್ಮನಿಗೆ ಹರಕೆ ಹೊತ್ತು ಇಟ್ಟ ಹೆಸರು. ನಮ್ಮ ಭಾವನಿಗೆ ಕ್ಷಯ ಬಂದು ಕೆಮ್ಮಿ ಕೆಮ್ಮಿ ಸಾಯುವಾಗ ಕೇರಿಯವರೇ ಬಾಗಿಲ ಹತ್ತಿರ ಸುಳಿಯಲಿಲ್ಲ. ಸುಳ್ಳು ಯಾಕೆ, ನಾನೂ ಸುಳಿಯಲಿಲ್ಲ. ಶಿಕಾರಿಪುರದ ಕಡೆಯಿಂದ ಇಬ್ಬರು ಕ್ರೈಸ್ತರ ಹೆಂಗಸರು ಬಂದು ಅವನ ಬಾಯಿ ಒರೆಸಿ, ಪಕ್ಕ ಕೂತು ಪ್ರಾರ್ಥನೆ ಮಾಡಿದರು. ಭಾವ ಉಳಿಯಲಿಲ್ಲ, ಆದರೆ ಅವಳು ಆ ದೇವರನ್ನೇ ಹಿಡಿದಳು. ದೀಕ್ಷಾಸ್ನಾನ ಆದ ದಿನ ಪಾದ್ರಿಗಳು ಎಸ್ತೇರಮ್ಮ ಅಂತ ಹೆಸರಿಟ್ಟರು. ಅದು ಅವರ ಶಾಸ್ತ್ರದಲ್ಲಿ ಒಬ್ಬ ರಾಣಿಯ ಹೆಸರಂತೆ. ನಮ್ಮ ಬಾಯಲ್ಲಿ ಅದು ಎಸ್ತ್ರಮ್ಮ ಆಯಿತು. ಗೌಡರ ಬಾಯಲ್ಲಿ ‘ಕೆಸರಿನ ರಾಣಿ’ ಆಯಿತು. ನಾನು ಮಾತ್ರ ಆ ಕಡೆ ಹೋಗಲಿಲ್ಲ. ಇರುವ ದೇವರುಗಳಿಗೆ ಕೋಳಿ ಒದಗಿಸುವುದೇ ನನಗೆ ಸಾಕಾಗಿತ್ತು, ಹೊಸಬನನ್ನು ಎಲ್ಲಿಂದ ಸಾಕಲಿ?

ಅವಳು ಹೆತ್ತದ್ದು ನಾಲ್ಕು, ಹೂತದ್ದು ಮೂರು. ಉಳಿದವಳು ಕರುಣ ಒಬ್ಬಳೇ. ಕರುಣನಿಗೆ ಆ ವರ್ಷ ನಾಲ್ಕು ತಿಂಗಳ ಗಂಡು ಕೂಸು. ಅವಳ ಗಂಡ ಘಟ್ಟದ ಕೆಳಗೆ ಹೆಂಚಿನ ಕಾರ್ಖಾನೆಗೆ ದುಡಿಯಲು ಹೋಗಿದ್ದ. ಕೂಸನ್ನು ಕಣ್ಣು ಕಾಣದ ನಮ್ಮತ್ತೆಯ ಮಡಿಲಿಗೆ ಹಾಕಿ ಕರುಣ ನಮ್ಮ ಜೊತೆ ನಟ್ಟಿಗೆ ಬರುತ್ತಿದ್ದಳು. ಮಧ್ಯಾಹ್ನ ಗಂಜಿ ಹೊತ್ತಿಗೆ ಒಂದು ತಾಸು ಬಿಡುವಿತ್ತು. ಅಷ್ಟರಲ್ಲಿ ಅವಳು ಕೇರಿಗೆ ಓಡಿ ಹೋಗಿ ಹಾಲು ಕೊಟ್ಟು ಬರುತ್ತಿದ್ದಳು.

ಅದು ಎಮರ್ಜೆನ್ಸಿ ವರ್ಷ, ಎಪ್ಪತ್ತಾರರ ಪುಷ್ಯ ಮಳೆ. ಒಂದು ದಿನ ಗೌಡರು ತಾವೇ ಗದ್ದೆಗೆ ಬಂದರು.

“ಶಾಲೆ ಗೋಡೆ ಮ್ಯಾಲೆ ಏನ್ ಬರ್ದಿದಾರೆ, ಓದಕ್ಕೆ ಬರ್ತದೇನ್ರೇ? ‘ಮಾತು ಕಡಿಮೆ, ದುಡಿಮೆ ಹೆಚ್ಚು.’ ಇದು ನನ್ ಮಾತಲ್ಲ, ಸರ್ಕಾರದ್ದು. ಇವತ್ತಿಂದ ಮಧ್ಯಾಹ್ನದ ಬಿಡುವು ಬಂದ್. ಗಂಜಿ ಕುಡಿಯಾದು, ಬಾಯಿ ಒರೆಸ್ಕಳಾದು, ಗದ್ದೆಗಿಳಿಯಾದು. ಗುಂಪು ಕಟ್ಕಂಡು ಮಾತಾಡ್ತಾ ಕೂತ್ರೆ ಪೊಲೀಸ್ನೋರು ಎತ್ತಾಕ್ಕಂಡು ಹೋಗ್ತಾರೆ, ಆಮೇಲೆ ನನ್ ಕೇಳಬ್ಯಾಡಿ.”

ಕರುಣ ಕೈ ಮುಗಿದಳು. “ಒಡೆಯಾ, ನಾನೊಬ್ಳು ಓಡಿ ಹೋಗಿ ಕೂಸಿಗೆ ಹಾಲು ಕೊಟ್ಟು ಬಂದ್ಬಿಡ್ತೀನಿ. ಬಂದ್ಮೇಲೆ ಕತ್ಲಾಗೋ ತನಕ ನೆಡ್ತೀನಿ.”

ಗೌಡರು ಅವಳ ಒದ್ದೆ ರವಿಕೆಯನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮನೆ ಎಮ್ಮೆ ದಿನಕ್ಕೆ ಎಲ್ಡೇ ಹೊತ್ತು ಹಾಲು ಕೊಡಾದು. ನೀನೇನೇ, ಅದಕ್ಕಿಂತ ಹೆಚ್ಚಿನ ಜಾತಿ ಎಮ್ಮೆಯಾ?”

ಲೋಕಪ್ಪ ಹಲ್ಲು ಕಿರಿದ. ನಾನು ಬಿಡಲಿಲ್ಲ, “ಹಂಗಾದ್ರೆ ಕೂಸನ್ನ ಇಲ್ಲೇ ತಂದು ಬದುವಿನ ಮ್ಯಾಲೆ ಮಲಗಿಸ್ತೀವಿ” ಅಂದೆ. “ಅದು ಅತ್ರೆ ಅಷ್ಟೂ ಹೆಂಗಸ್ರ ಕೈ ನಿಲ್ತದೆ, ಬ್ಯಾಡ” ಅಂದರು ಗೌಡರು. ಕೈಯಲ್ಲಿದ್ದ ಸಸಿಕಟ್ಟನ್ನು ಮಣ್ಣು ಸಮೇತ ಆ ಮುಖಕ್ಕೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ. ನಾಳೆಯೂ ಹೊಟ್ಟೆ ಇರುತ್ತದಲ್ಲ. ಆ ಮಧ್ಯಾಹ್ನ ಕರುಣ ಬಗ್ಗಿ ನೆಡುತ್ತಿದ್ದರೆ ಹಾಲು ತೊಟ್ಟು ತೊಟ್ಟಾಗಿ ಕೆಸರು ನೀರಿಗೆ ಬೀಳುತ್ತಿತ್ತು. ಪಕ್ಕದಲ್ಲಿದ್ದ ಅವಳ ತಾಯಿ ನೋಡಿದಳು, ನಾನೂ ನೋಡಿದೆ.

ಮಾರನೇ ದಿನ ಲೋಕಪ್ಪ ಎಂದಿನಂತೆ ಮೈ ಸೋಕದ ಹಾಗೆ ಮೇಲಿಂದ ನಮ್ಮ ತಟ್ಟೆಗಳಿಗೆ ಗಂಜಿ ಸುರಿದ. ಎಸ್ತ್ರಮ್ಮ ತಟ್ಟೆ ಮುಂದಿಟ್ಟುಕೊಂಡು ಕಣ್ಣು ಮುಚ್ಚಿದಳು. ದಿನಾ ಅವಳು ಮನಸ್ಸಿನಲ್ಲೇ ಎರಡು ಮಾತು ಹೇಳಿ ತಿನ್ನುವವಳು. ಅವತ್ತು ಬಾಯಿ ಬಿಟ್ಟು ಹೇಳತೊಡಗಿದಳು.

“ತಂದೇ, ಈ ಗಂಜಿ ಕೊಟ್ಟಿದ್ದಕ್ಕೆ ಸ್ತೋತ್ರ. ಇದರಾಗೆ ಅಗಳು ಕಡಿಮೆ ಇದಾವೆ, ಅದು ನಿಂಗೂ ಕಾಣ್ತದೆ. ಆದ್ರೂ ಸ್ತೋತ್ರ...”

“ಏಳೇ! ಯಾರ ಹತ್ರ ವದರ್ತಿದೀಯ?” ಅಂತ ಲೋಕಪ್ಪ ಅವಳ ಭುಜಕ್ಕೆ ಕಾಲಿನಿಂದ ತಳ್ಳಿದ. ಅವಳು ಮಗ್ಗುಲಾಗಿ ಬಿದ್ದಳು. ಬಿದ್ದಲ್ಲೇ, ಕಣ್ಣು ಬಿಡದೆ, ಮಾತು ಮುಂದುವರಿಸಿದಳು. ಲೋಕಪ್ಪ ಥೂ ಅಂತ ಉಗಿದು ತಿರುಗಿದವನು ಬದುವಿನಲ್ಲಿದ್ದ ಏಡಿಬಿಲಕ್ಕೆ ಕಾಲು ಹಾಕಿದ. ಟಕ್ ಅಂದದ್ದು ನನಗೇ ಕೇಳಿಸಿತು. ಅವನನ್ನು ಇಬ್ಬರು ಗಂಡಾಳುಗಳು ಹೊತ್ತುಕೊಂಡು ಹೋದರು. ಸಂಜೆಯ ಹೊತ್ತಿಗೆ ಊರಲ್ಲೆಲ್ಲ ಒಂದೇ ಸುದ್ದಿ: ಬಿಲ ತೋಡಿದ್ದು ಏಡಿ, ತೋಡಿಸಿದ್ದು ಯೇಸು.

ಗೌಡರು ಮನುಷ್ಯರಿಗೆ ಹೆದರಿದವರಲ್ಲ. ಆದರೆ ದೇವರು ಅಂದರೆ, ಯಾವ ಕಡೆಯ ದೇವರಾದರೂ ಸರಿ, ಅವರ ಪಂಚೆ ಒದ್ದೆ. ತೋಳಲ್ಲಿ ದರ್ಗಾದ ತಾಯಿತ, ಸೊಂಟದಲ್ಲಿ ಭೂತಪ್ಪನ ದಾರ, ಮನೆಯ ಗಡಿಗೆಯಲ್ಲಿ ಚಂದ್ರಗುತ್ತಿಯ ಹರಕೆಕಾಸು. “ಯಾವ ಹುತ್ತದಾಗೆ ಯಾವ ಹಾವೋ ಮಾರಾಯ” ಅಂತ ಅವರು ಲೋಕಪ್ಪನಿಗೆ ಹೇಳಿದರು. “ಪ್ರಾರ್ಥನೆ ಮಾಡ್ತಿರ್ಬೇಕಾದ್ರೆ ಅವಳನ್ನ ಮುಟ್ಬೇಡ. ಮುಗಿದ ಮ್ಯಾಲೆ ಎಬ್ಸು.”

ಮುಗಿದ ಮೇಲೆ! ಆ ಮಾತು ನನ್ನ ವಾರಗಿತ್ತಿಯ ಕಿವಿಗೂ ಬಿತ್ತು.

ಪ್ರಾರ್ಥನೆ ಬೆಳೆಯತೊಡಗಿತು. ಮೊದಲ ದಿನ ಗಂಜಿಗೆ ಸ್ತೋತ್ರ. ಎರಡನೇ ದಿನ ಗಂಜಿ, ಮಳೆ, ಕೆರೆ, ಕೆರೆಯ ತೂಬು. ಮೂರನೇ ದಿನ ನನ್ನ ಮಂಡಿನೋವು. ನಾವೂ ಹನ್ನೆರಡು ಹೆಂಗಸರು ಕಂಬಳಿಕೊಪ್ಪೆ ತಲೆ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಅವಳ ಸುತ್ತ ಕೂತೆವು. ಗುಂಪು ಕಟ್ಟಬಾರದು ಅಂತ ಸರ್ಕಾರ ಹೇಳಿತ್ತೇ ಹೊರತು ಕಣ್ಣು ಮುಚ್ಚಬಾರದು ಅಂತ ಹೇಳಿರಲಿಲ್ಲ. ಪ್ರಾರ್ಥನೆ ಶುರುವಾದ ಕೂಡಲೇ ಕರುಣ ತನ್ನ ಕಂಬಳಿಯನ್ನು ನಾಲ್ಕು ಸಸಿಕಟ್ಟಿನ ಮೇಲೆ ಹೊದಿಸಿ, ಬದುವಿನ ಮರೆಯಲ್ಲಿ ಬಗ್ಗಿಕೊಂಡೇ ಕೇರಿಗೆ ಓಡುತ್ತಿದ್ದಳು. ಬದುವಿನ ಆ ತುದಿಯಿಂದ ಕುಂಟಿಕೊಂಡು ಬಂದ ಲೋಕಪ್ಪ ತಲೆ ಎಣಿಸಿದರೆ ಲೆಕ್ಕ ಸರಿ ಬರುತ್ತಿತ್ತು. ಆ ಸಸಿಕಟ್ಟಿನಷ್ಟು ಭಕ್ತಿಯಿಂದ ಕೂತವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ.

ಅವಳು ವಾಪಸ್ ಬರುವ ತನಕ ಪ್ರಾರ್ಥನೆ ಎಳೆಯಬೇಕು. ಅದಕ್ಕೆ ಸರಕು ಬೇಕು. ನಾವೆಲ್ಲ ಒದಗಿಸಿದೆವು.

“ಎಸ್ತ್ರವ್ವಾ, ನಮ್ ಆಡಿಗೆ ಕಾಲುಬಾಯಿ ಜ್ವರ ಬಂದೈತೆ, ಸೇರ್ಸೇ.”

“ಸೇರ್ಸಿದೀನಿ.”

“ಏ ಎಸ್ತ್ರಮ್ಮಾ, ನಮ್ ಮನೆಯೋರ್ದು ಬೀಡಿ ಬಿಡ್ಸೇ” ಅಂದವಳು ಜೈಬುನ್ನೀಸಾ. ಅವಳ ಗಂಡ ಸೊರಬದಲ್ಲಿ ಹತ್ತಿ ಎಕ್ಕಿ ಹಾಸಿಗೆ ಹೊಲಿಯುವವನು. ಮಳೆಗಾಲದಲ್ಲಿ ಹಾಸಿಗೆ ಮಾಡಿಸುವವರು ಯಾರು? ಅದಕ್ಕೆ ನಟ್ಟಿ ದಿನಗಳಲ್ಲಿ ಅವಳು ಬಸ್ಸು ಹತ್ತಿ ನಮ್ಮ ಜೊತೆ ಕೆಸರಿಗೆ ಇಳಿಯುತ್ತಿದ್ದಳು. “ನಮ್ ಕಡೆ ಕೇಳಿ ಕೇಳಿ ಸಾಕಾಗೈತೆ, ನಿಮ್ ಕಡೆಯಿಂದಾನೂ ಒಂದ್ ಅರ್ಜಿ ಹೋಗ್ಲಿ.”

ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಒಂದು ಸಂಜೆ ಕೆರೆಯಲ್ಲಿ ಕಾಲು ತೊಳೆಯುವಾಗ ಕೇಳಿಯೇಬಿಟ್ಟೆ. “ಅಲ್ಲ ಅಕ್ಕ, ದೇವ್ರ ಹೆಸರಾಗೆ ಗೌಡ್ರಿಗೆ ಟೋಪಿ ಹಾಕ್ತಿದೀಯಲ್ಲ, ಪಾಪ ಬರಲ್ವೇನೇ?”

ಅವಳಿಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದೇ ಅಪರೂಪ. “ಆಟ ಆಡ್ತಿದೀನಿ ಅಂದ್ಕಂಡ್ಯಾ? ನಿನ್ ಮಂಡಿನೋವು ವಾಸಿ ಮಾಡು ಅಂತ ನಾನು ನಿಜವಾಗ್ಲೂ ಕೇಳಿದ್ದು ಕಣೇ. ಆ ಆಡಿನ ಕಾಲೂ ನಿಜವಾಗ್ಲೂ ಕೇಳಿದ್ದು. ಒಂದೊಂದು ಮಾತೂ ನಿಜ. ಉದ್ದ ಆತು ಅಷ್ಟೆ. ಅಷ್ಟೊತ್ತು ಮಾತಾಡಿದ್ರೆ ದೇವ್ರಿಗೇನು ಬ್ಯಾಸ್ರವಾ? ನಿಮ್ ಭಾವ ಸತ್ತ ವರ್ಷ ನಾನು ಹುಚ್ಚಿ ಆಗ್ಬೇಕಿತ್ತು. ಈ ದೇವ್ರ ಹತ್ರ ದಿನಾ ಮಾತಾಡಿ ಮಾತಾಡಿ ಉಳ್ಕಂಡೆ. ನೀವು ಯಾರಾದ್ರೂ ಮಾತಾಡ್ಸಿದ್ರಾ?”

ನಾನು ತಲೆ ತಗ್ಗಿಸಿ ಕಾಲು ತಿಕ್ಕಿದೆ. ಅವಳೇ ಆಮೇಲೆ ಮೆತ್ತಗಾಗಿ, “ಈಗ ನೋಡು, ದೇವ್ರಿಗೆ ಮಾತು ಸಿಕ್ತು, ಕೂಸಿಗೆ ಹಾಲು ಸಿಕ್ತು. ಯಾರ ಗಂಟು ಹೋತು?” ಅಂದಳು.

ಎಲ್ಲ ಕೆಟ್ಟದ್ದು ನನ್ನ ಹಾಳು ಬಾಯಿಂದಲೇ. ಪ್ರಾರ್ಥನೆ ಮುಗಿದಾಗ ಅವಳು ಆಮೇನ್ ಅನ್ನುತ್ತಿದ್ದಳು, ನಾವು ಕೇರಿಯವರು “ಆಮೇಲೆ” ಅನ್ನುತ್ತಿದ್ದೆವು. ನನ್ನ ಕಿವಿಗೆ ಅದು ಹಾಗೇ ಕೇಳಿಸಿದ್ದು. ಏನು ಕೇಳಿದರೂ ಸಾಹುಕಾರರು ಆಮೇಲೆ ಬಾ ಅಂತಾರಲ್ಲ, ಇವಳ ದೇವರೂ ಅದನ್ನೇ ಅನ್ನುತ್ತಾನೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಎಲ್ಲರ ಎದುರಿಗೇ, “ಅಕ್ಕಾ, ಯಾವಾಗ್ಲೂ ಆಮೇಲೆ ಆಮೇಲೆ ಅಂದ್ರೆ ನಿನ್ ದೇವ್ರು ಕೊಡಾದು ಯಾವಾಗ?” ಅಂದೆ.

ಅವಳು ಬದುವಿನ ಮೇಲೆ ಬಿದ್ದು ಬಿದ್ದು ನಕ್ಕಳು. “ಆಮೇಲೆ ಅಲ್ವೇ ದಡ್ಡಿ, ಆಮೇನ್! ಅದನ್ನ ಅಂದ್ಮೇಲೆ ಪ್ರಾರ್ಥನೆ ಮುಗೀತು.”

ಹಿಂದೆ ಲೋಕಪ್ಪ ನಿಂತಿದ್ದ.

ಮಾರನೇ ದಿನ ಅವಳು, “ತಂದೇ, ಈ ಗಂಜಿ...” ಅಂದಿದ್ದಳಷ್ಟೆ. ಲೋಕಪ್ಪ ಕೋಲು ನೆಲಕ್ಕೆ ಕುಟ್ಟಿ, “ಆಮೇನ್! ಮುಗೀತು, ಏಳ್ರೇ ಮುಂಡೇರಾ!” ಅಂತ ಅರಚಿದ. ಕಂಬಳಿ ಹೊದ್ದ ಸಸಿಕಟ್ಟನ್ನು ಒದ್ದ. ಅದು ಉರುಳಿತು. ಆಗಷ್ಟೇ ಬದುವಿನ ಮರೆಗೆ ಇಳಿದು ಓಡತೊಡಗಿದ್ದ ಕರುಣ ಕೂಗು ಕೇಳಿ ಹಾಲು ತುಂಬಿದ ಎದೆ ಹಿಡಿದುಕೊಂಡು ವಾಪಸ್ ಓಡಿ ಬಂದಳು.

ಗೌಡರಿಗೆ ಈ ಸುದ್ದಿ ಹಬ್ಬವಾಯಿತು. ದೇವರನ್ನು ಮುಟ್ಟದೆ ದೇವರ ಬಾಯಿ ಮುಚ್ಚಿಸುವ ಮಂತ್ರ ಸಿಕ್ಕಿತ್ತಲ್ಲ. ಮಾರನೇ ದಿನದಿಂದ ತಾವೇ ಕೊಡೆ ಹಿಡಿದುಕೊಂಡು ಗಂಜಿ ಹೊತ್ತಿಗೆ ಸರಿಯಾಗಿ ಬರತೊಡಗಿದರು. ಎಸ್ತ್ರಮ್ಮ ತುಟಿ ಬಿಚ್ಚುವುದೇ ತಡ, “ಆಮೇನ್!” ಒಂದು ದಿನ ಗಡಸು ದನಿಯಲ್ಲಿ, ಒಂದು ದಿನ ರಾಗವಾಗಿ. ಲೋಕಪ್ಪ ಭಲೇ ಅನ್ನುತ್ತಿದ್ದ. ಗೌಡರು ಮೀಸೆ ತಿರುವುತ್ತಿದ್ದರು.

“ಅವ್ರು ಅಂದ್ರೆ ಅನ್ಲಿ, ನೀನು ಮುಂದುವರ್ಸೇ” ಅಂದೆ ನಾನು.

“ಆಗಲ್ಲ ವರದಿ. ಆಮೇನ್ ದೇವ್ರ ಮುಂದೆ ಆಡೋ ಮಾತು. ಯಾರ ಬಾಯಿಂದ ಬಂದ್ರೂ ಬಂದಂಗೇ.”

“ನಿನ್ ನೇಮಕ್ಕೆ ಬೆಂಕಿ ಹಾಕ” ಅಂತ ನಾನು ಬೈದೆ.

ನಾಲ್ಕು ದಿನ ಹೀಗೇ ಹೋಯಿತು. ಕರುಣನ ಎದೆ ಕಲ್ಲಾಗಿ ಜ್ವರ ಬಂತು. ಕೂಸು ನಮ್ಮತ್ತೆ ಕುಡಿಸಿದ ಗಂಜಿತಿಳಿ ಕಕ್ಕಿ, ಭೇದಿಯಾಗಿ, ಅಳುವ ತ್ರಾಣವೂ ಇಲ್ಲದೆ ಸುಮ್ಮನೆ ಸೂರು ನೋಡುತ್ತಾ ಮಲಗತೊಡಗಿತು. ಅದರ ನೆತ್ತಿ ಗುಳಿ ಬಿದ್ದಿತ್ತು. ಮೂರು ಮಕ್ಕಳನ್ನು ಮಣ್ಣು ಮಾಡಿದ ಅಕ್ಕನಿಗೆ ಆ ಮುಖ ಗೊತ್ತು. ಅವಳು ಅದನ್ನು ಎತ್ತಿಕೊಂಡು ಮೂಸಿ, ಮತ್ತೆ ಮಗಳ ಮಡಿಲಿಗೆ ಹಾಕಿ, ನನ್ನ ಕಡೆ ನೋಡಿದಳು. ಕೆಲಸ ಬಿಟ್ಟು ಕೂತರೆ ಕರುಣನ ಹೊಟ್ಟೆಗಿಲ್ಲ, ಅವಳ ಹೊಟ್ಟೆಗಿಲ್ಲದಿದ್ದರೆ ಎದೆಯಲ್ಲಿ ಹಾಲೂ ಇಲ್ಲ. ಯಾವ ಕಡೆಯಿಂದ ಹೋದರೂ ಗೌಡರ ಬದುವೇ ಅಡ್ಡ.

ಐದನೇ ದಿನ ಬೆಳಗ್ಗೆ ಗದ್ದೆಗೆ ಹೋಗುವಾಗ ಅಕ್ಕ ದಾರಿಯಲ್ಲಿ ಗಕ್ಕನೆ ನಿಂತು ಹಣೆ ಹಣೆ ಬಡಿದುಕೊಂಡು ನಗತೊಡಗಿದಳು. ಇವಳಿಗೆ ತಲೆ ಕೆಟ್ಟಿತು ಅಂತ ನನಗೆ ಗಾಬರಿ.

“ಅಲ್ವೇ ವರದಿ, ಗೌಡ್ರು ದಿನಾ ಬಂದು ಆಮೇನ್ ಅಂತಾರಲ್ವೇನೇ!”

“ಅಂತಾರೆ, ಆ ಬಾಯಿಗೆ ಮಣ್ಣು ಹಾಕ.”

“ಬ್ಯಾಡ, ಬಯ್ಬ್ಯಾಡ. ಪಾಪ, ಅನ್ಲಿ. ಇವತ್ತೂ ಅನ್ಲಿ.”

ಅಷ್ಟು ಹೇಳಿ ಬೇಗ ಬೇಗ ಹೆಜ್ಜೆ ಹಾಕಿದಳು. ಕೇಳಿದರೆ ಬಾಯಿ ಬಿಡಲಿಲ್ಲ.

ಅವತ್ತು ಗೌಡರ ಜೊತೆ ಇನ್ನೊಬ್ಬರು ಬಂದರು. ಷರಾಯಿಯನ್ನು ಮೊಣಕಾಲ ತನಕ ಮಡಚಿ, ಸೈಕಲ್ ತಳ್ಳಿಕೊಂಡು ಬದುವಿನ ಮೇಲೆ ಜಾರುತ್ತಾ ಬಂದವರು ಶಿಕಾರಿಪುರದ ಪಾದ್ರಿ ಪ್ರಭುದಾಸಯ್ಯ. ನಮ್ಮೂರಲ್ಲಿ ಒಂದು ಪ್ರಾರ್ಥನಾ ಮಂದಿರ ಕಟ್ಟಬೇಕು ಅಂತ ಅವರಿಗೆ ಆಸೆ. ಜಾಗ ಕೊಡಬೇಕಾದವರು ಗೌಡರು. ಈ ಪ್ರಾರ್ಥನೆಯ ಕಾಟವನ್ನು ಪಾದ್ರಿಯ ಬಾಯಿಂದಲೇ ಕಾಯಂ ಆಗಿ ಮುಗಿಸಿಬಿಡೋಣ ಅಂತ ಗೌಡರು ಕರೆಸಿದ್ದರು.

“ಅಯ್ಯನೋರೆ, ಎಲ್ಲರ ಮುಂದೆ ಹೇಳ್ಬಿಡ್ರಿ. ನಿಮ್ ಶಾಸ್ತ್ರದಾಗೆ ಉಣ್ಣಾಕೆ ಮುಂಚೆ ಎಷ್ಟೊತ್ತು ಪ್ರಾರ್ಥನೆ?”

ಪಾದ್ರಿಗಳು ಪುಸ್ತಕದ ಕನ್ನಡದವರು. “ಎರಡು ಮಾತುಗಳು ಸಾಕು. ಎಸ್ತೇರಮ್ಮಾ, ಉದ್ದುದ್ದ ಪ್ರಾರ್ಥಿಸುವುದು ಕಪಟಿಗಳ ಲಕ್ಷಣ. ಅನ್ನ ಕೊಡುವ ಯಜಮಾನರಿಗೆ ವಿಧೇಯಳಾಗಿರುವುದೂ ಒಂದು ಪ್ರಾರ್ಥನೆಯೇ.”

ಗೌಡರ ಮುಖ ಅರಳಿತು. ಎಸ್ತ್ರಮ್ಮನ ಮುಖ ಮಾತ್ರ ಕಪ್ಪಿಟ್ಟಿತು. ಲೋಕಪ್ಪನ ಒದೆಗೆ ನೋಯದವಳಿಗೆ ಆ ‘ಕಪಟಿ’ ನೋಯಿಸಿತು ಅಂತ ಕಾಣುತ್ತದೆ. “ಆತು ಅಯ್ಯನೋರೆ. ಎಲ್ಡೇ ಮಾತು” ಅಂದಳು. ಗಂಜಿ ತಟ್ಟೆ ಪಕ್ಕಕ್ಕಿಟ್ಟಳು. ಕಣ್ಣು ಮುಚ್ಚಿದಳು.

“ತಂದೇ, ಕೂಸಿಗೆ ಹಾಲು ಕುಡ್ಸಾ ತಾಯಂದ್ರಿಗೆ ದಿನಾ ಮಧ್ಯಾಹ್ನ ಈ ಗದ್ದೆಯಾಗೆ ಒಂದು ತಾಸು ಬಿಡುವು ಬೇಕು. ನಾವು ಕೇಳಿ ಕೇಳಿ ಸಾಕಾಗೈತೆ, ನೀನೇ ಗೌಡ್ರ ಬಾಯಿಂದ ಹೂಂ ಅನ್ಸು...”

“ಆಮೇನ್!”

ಕೆರೆ ಏರಿಯ ಮೇಲಿದ್ದ ಕೊಕ್ಕರೆಗಳು ಹಾರಿಹೋಗುವ ಹಾಗೆ ಕೂಗಿದರು ಗೌಡರು. ಕೂಗಿ, ಪಾದ್ರಿಗಳ ಕಡೆ ತಿರುಗಿ, “ಹೆಂಗೆ? ನಾನೂ ಕಲ್ತಿದೀನಿ” ಅಂದರು.

ಎಸ್ತ್ರಮ್ಮ ಕಣ್ಣು ಬಿಟ್ಟಳು. ಎರಡೂ ಕೈ ಮೇಲೆತ್ತಿದಳು. “ಸ್ತೋತ್ರ ತಂದೇ! ಇಷ್ಟು ಬೇಗ ಕೊಡ್ತೀಯ ಅಂತ ನಾನು ಅಂದ್ಕಂಡಿರ್ಲಿಲ್ಲ.” ಮಗಳ ಕಡೆ ತಿರುಗಿ, “ಹೋಗ್ ಮಗಾ, ಕೂಸಿಗೆ ಹಾಲು ಕೊಟ್ಟು ಬಾ. ಗೌಡ್ರು ಹೂಂ ಅಂದ್ರು” ಅಂದಳು.

“ಏಯ್! ಯಾವಾಗ ಅಂದ್ನೇ ನಾನು?”

“ಈಗ ಅಂದ್ರಲ್ಲ ಒಡೆಯಾ, ಊರಿಗೆಲ್ಲ ಕೇಳಂಗೆ. ಅಯ್ಯನೋರೆ, ಆಮೇನ್ ಅಂದ್ರೆ ಏನು, ಹೇಳ್ರಿ.”

ಪಾದ್ರಿಗಳು ಗೌಡರ ಮುಖ ನೋಡಿದರು. ಮಂದಿರದ ಜಾಗ ಆ ಮುಖದಲ್ಲಿ ಕಾಣುತ್ತಿತ್ತೇನೋ. “ಅದು... ಇಬ್ರಿಯ ಭಾಷೆಯ ಪದ. ಪ್ರಾರ್ಥನೆ ಸಮಾಪ್ತಿಯಾಯಿತು ಎಂಬುದರ... ಒಂದು ಸೂಚನೆ ಎನ್ನಬಹುದು.”

“ಕೇಳಿದ್ರೇನ್ರೇ? ಮುಗೀತು ಅಂತ!” ಗೌಡರು ಉಸಿರು ಬಿಟ್ಟರು.

ಎಸ್ತ್ರಮ್ಮ ಪಾದ್ರಿಗಳನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ಬೈಗುಳ ಇರಲಿಲ್ಲ ಅದರಲ್ಲಿ, ನಂಬಿದವರು ಕೈಬಿಟ್ಟಾಗ ನೋಡುವ ಹಾಗೆ ನೋಡಿದಳು. ಅಷ್ಟರಲ್ಲಿ ಜೈಬುನ್ನೀಸಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

“ಎಂಥ ಮುಗೀತು ರೀ ಪಾದ್ರಿ ಸಾಬ್ರೆ? ಆಮೀನ್ ನಮ್ದೂ ಐತಲ್ಲ! ಹುಟ್ಟಿದಾಗಿಂದ ಅಂತಿದೀವಿ. ಆಮೀನ್ ಅಂದ್ರೆ ಹಂಗೇ ಆಗ್ಲಿ, ಖಬೂಲ್ ಆಗ್ಲಿ ಅಂತ. ಏನ್ರೀ ಗೌಡ್ರೆ, ಹೋದ ಉರುಸಿನಾಗೆ ದರ್ಗಾಕ್ಕೆ ಬಂದು ತಾಯಿತ ಕಟ್ಟಿಸ್ಕಂಡ್ರಲ್ಲ, ದುವಾ ಓದಿದಾಗ ನೀವೂ ಆಮೀನ್ ಅಂದ್ರಿ, ನಾನು ಹಿಂದೇನೇ ಇದ್ದೆ. ಅವಾಗ ಏನಂತ ಅಂದ್ರಿ? ಮುಗೀತು ಅಂತ್ಲಾ?”

ಗೌಡರ ಕೈ ತಾನಾಗಿಯೇ ತೋಳಿನ ತಾಯಿತಕ್ಕೆ ಹೋಯಿತು. ಮುಖದ ಬಣ್ಣ ಇಳಿಯಿತು. “ಅಯ್ಯನೋರೆ” ಅಂದರು, ದನಿ ಸಣ್ಣಗಾಗಿತ್ತು, “ನಿಜ ಹೇಳ್ರಿ.”

ಪಾದ್ರಿಗಳು ಸೈಕಲ್ಲಿನ ಗಂಟೆಯನ್ನು ನೋಡುತ್ತಾ ಹೇಳಿದರು. “ಹಾಗೆಯೇ ಆಗಲಿ... ಎಂಬುದು ಮೂಲಾರ್ಥ.”

“ಒಂದೇ ಮಾತು, ಎಲ್ಡು ಕಡೆ ದೇವ್ರು ಸಾಕ್ಷಿ” ಅಂದೆ ನಾನು. ಇಂಥ ಹೊತ್ತಲ್ಲಿ ಸುಮ್ಮನಿರುವ ಜಾಯಮಾನ ನನ್ನದಲ್ಲ. “ಮೂರನೇ ಕಡೆ ನಮ್ ಭೂತಪ್ಪನೂ ಕೇಳಿಸ್ಕಂಡಿರ್ತಾನೆ, ಬನ ಇಲ್ಲೇ ಪಕ್ಕದಾಗೈತೆ.”

ಗೌಡರು ಸಿಡಿದರು. “ಹೋಗೇ ನೋಡಾನ! ಬದು ದಾಟಿದೋಳಿಗೆ ನಾಳೆಯಿಂದ ಈ ಊರಾಗೆ ಕೆಲಸ ಇಲ್ಲ! ಲೋಕ್ಯಾ, ಅಡ್ಡ ನಿಲ್ಲೋ!”

ಕರುಣ ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕಂಬಳಿಕೊಪ್ಪೆ ತೆಗೆದು ಬದುವಿನ ಮೇಲೆ ಇಟ್ಟು ನಡೆದಳು. ಇಷ್ಟು ದಿನ ಬದುವಿನ ಮರೆಯಲ್ಲಿ ಬಗ್ಗಿ ಓಡುತ್ತಿದ್ದವಳು ಗೌಡರ ಬದುವಿನ ಮೇಲೆಯೇ, ಸೊಂಟ ನೆಟ್ಟಗೆ ಮಾಡಿಕೊಂಡು, ಮಳೆಯಲ್ಲಿ ನಡೆದುಕೊಂಡೇ ಹೋದಳು. ಲೋಕಪ್ಪ ಮುಂದಕ್ಕೆ ಒಂದು ಹೆಜ್ಜೆ ಇಟ್ಟವನು ಬದುವಿನ ಏಡಿಬಿಲಗಳನ್ನು ನೋಡಿ ನಿಂತ. “ಗೌಡ್ರೆ, ಒಂದ್ ಕಾಲು ಆಗ್ಲೇ ಕೊಟ್ಟಿದೀನಿ” ಅಂದ.

ಜೈಬುನ್ನೀಸಾ ತಿರುಗಿ ಕೂತಳು. ನಾವು ಹನ್ನೊಂದು ಜನ ಕೂತಲ್ಲಿಂದ ಏಳಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ. ಕಿತ್ತಿಟ್ಟ ಸಸಿ ನೂರಾರು ಕಟ್ಟು ಗದ್ದೆಯಲ್ಲಿ ಬಿದ್ದಿತ್ತು. ಗೌಡರು ಅದನ್ನು ನೋಡಿದರು, ನಮ್ಮನ್ನು ನೋಡಿದರು, ಮುಗಿಲು ನೋಡಿದರು. ಕೊನೆಗೆ ಎಸ್ತ್ರಮ್ಮನ ಹತ್ತಿರ ಬಂದು ಪಿಸುದನಿಯಲ್ಲಿ, ಜೀವನದಲ್ಲಿ ಮೊದಲ ಸಲ ಪೂರ್ತಿ ಹೆಸರು ಹಿಡಿದು ಕರೆದರು. “ಎಸ್ತೇರಮ್ಮಾ, ಆಡಿದ್ದನ್ನ ವಾಪಸ್ ತಗಳಾಕೆ ನಿಮ್ಮಲ್ಲಿ ಏನಾದ್ರೂ ದಾರಿ ಐತಾ?”

“ಕೇಳಿ ನೋಡ್ಬೋದು ಒಡೆಯಾ. ಕೊಡಾದು ಬಿಡಾದು ಅವನಿಗೆ ಸೇರಿದ್ದು. ಕೇಳೋರು ಮೊಣಕಾಲೂರ್ಬೇಕು ಮತ್ತೆ.”

“ಇಲ್ಲಾ? ಈ ಕೆಸರಾಗಾ?”

“ನಾವು ಬೆಳಗ್ಗೆಯಿಂದ ಇಲ್ಲೇ ಇದೀವಲ್ರೀ” ಅಂದೆ ನಾನು.

ಗೌಡರು ಪಾದ್ರಿಗಳನ್ನು ನೋಡಿದರು. ಪಾದ್ರಿಗಳು, ದೇವರು ಅವರಿಗೆ ಒಳ್ಳೇದು ಮಾಡಲಿ, ಹೌದು ಅಂತ ತಲೆ ಆಡಿಸಿ, ತಾವೇ ಮೊದಲು ಕಣ್ಣು ಮುಚ್ಚಿಕೊಂಡರು. ಗೌಡರು ಕೊಡೆಯನ್ನು ಲೋಕಪ್ಪನ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ, ಪಿಚಕ್ ಅಂತ ಕೆಸರಿಗೆ ಮೊಣಕಾಲೂರಿದರು. ಲೋಕಪ್ಪ ಕೊಡೆಯನ್ನು ತನ್ನ ತಲೆಯ ಮೇಲೆಯೇ ಹಿಡಿದುಕೊಂಡ.

“ಮುಗಿಯೋ ತನಕ ಕಣ್ಣು ಬಿಡಂಗಿಲ್ಲ” ಅಂದೆ. “ನಡುವೆ ಬಾಯಿ ತಪ್ಪಿ ಆಮೇನ್ ಅಂದ್ರೋ, ಮುಂಚಿಂದೂ ಸೇರಿ ಎಲ್ಲಾ ಗಟ್ಟಿ ಆಗ್ಬಿಡ್ತದೆ, ನೋಡ್ಕಳಿ.”

ಎಸ್ತ್ರಮ್ಮ ಗಂಟಲು ಸರಿಮಾಡಿಕೊಂಡಳು. ದೇವರಿಗೂ ಅವಳಿಗೂ ಆಗ ಯಾವ ಅವಸರವೂ ಇರಲಿಲ್ಲ.

“ತಂದೇ, ಮೊದಲು ನೀನು ಬೆಳಕು ಮಾಡ್ದೆ, ಅದಕ್ಕೆ ಸ್ತೋತ್ರ. ಆಮೇಲೆ ನೀರು ಮಾಡ್ದೆ, ಅದಕ್ಕೂ ಸ್ತೋತ್ರ. ಆಮೇಲೆ ನಮ್ ಗೌಡ್ರ ಹಂಗೇ ಮಣ್ಣಿಂದ ಆದಾಮನ್ನ ಮಾಡ್ದೆ...”

ನಾವು ಸದ್ದಾಗದ ಹಾಗೆ ಗಂಜಿ ತಟ್ಟೆ ಎತ್ತಿಕೊಂಡೆವು. ಜೈಬುನ್ನೀಸಾ ತನ್ನ ಗಂಟಿನಿಂದ ಮಾವಿನಕಾಯಿ ಉಪ್ಪಿನಕಾಯಿ ತೆಗೆದು ಎಲ್ಲರಿಗೂ ಹಂಚಿದಳು. ಮಳೆ ಜೋರಾಯಿತು. ಗೌಡರ ಬೋಳುತಲೆಯಿಂದ ನೀರು ಮೀಸೆಗೆ, ಮೀಸೆಯಿಂದ ಮುಗಿದ ಕೈಗೆ ಇಳಿಯುತ್ತಿತ್ತು. ಒಂದು ಸಲ ಅವರ ರೆಪ್ಪೆ ಅಲುಗಿತು. “ಕಣ್ಣು ಮುಚ್ರೀ ಗೌಡ್ರೆ” ಅಂದೆ. ಮುಚ್ಚಿದರು.

ದೂರದಲ್ಲಿ, ಕೇರಿಯ ತುದಿಯಲ್ಲಿ, ಕರುಣ ನಮ್ಮತ್ತೆಯ ಕೈಯಿಂದ ಕೂಸನ್ನು ಎತ್ತಿಕೊಂಡು ಒಳಗೆ ಹೋದದ್ದು ನನಗೆ ಕಂಡಿತು. ಇತ್ತ ಅಕ್ಕ ನೋಹನ ಹಡಗಿಗೆ ಬಂದಿದ್ದಳು. ಒಂದೊಂದು ಪ್ರಾಣಿಯನ್ನೂ ಜೋಡಿ ಜೋಡಿಯಾಗಿ, ಹೆಸರು ಹೇಳಿ, ಸ್ತೋತ್ರ ಹೇಳಿ ಹತ್ತಿಸುತ್ತಿದ್ದಳು. ಇರುವೆ ಹತ್ತಿತ್ತು, ಗೆದ್ದಲು ಹತ್ತಿತ್ತು, ಏಡಿ ಹತ್ತುತ್ತಾ ಇತ್ತು. ಗೌಡರ ಮೊಣಕಾಲು ಗಡಗಡ ನಡುಗುತ್ತಿತ್ತು. ಆನೆ ಇನ್ನೂ ಬಹಳ ಹಿಂದಿತ್ತು.